ಸನ್‌ವೈಸರಿಗೆ ಹಾಕಿದ ಒಂದೂವರೆ ಇಂಚಿನ ಸ್ಕ್ರೂ

ಆ ಸಿಸ್ಟರ್ ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಅವರ ಕಾರಿನಲ್ಲಿ ಬಿಸಿಲಿಗೆ ಅಡ್ಡ ಇಳಿಸುವ ಸನ್‌ವೈಸರ್ ದವಾಖಾನೆಯ ಪ್ಲಾಸ್ಟರಿನ ಆಧಾರದ ಮೇಲೆ ನಿಂತಿತ್ತು. ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿಯ ಮೂರು ತುಂಡು. ಅದರಲ್ಲಿ ಒಂದು ಬಿಸಿಲಿಗೆ ಆಗಲೇ ಸುರುಳಿ ಬಿಟ್ಟುಕೊಂಡಿತ್ತು.

ಶಹಾಪುರದಲ್ಲಿ ನನ್ನದು ಸೀಟ್ ಕವರ್ ಅಂಗಡಿ. ಕಾರು ಜೀಪುಗಳ ಸೀಟಿಗೆ ಹೊಲಿಯುತ್ತೇನೆ, ಚಾವಣಿಯ ಬಟ್ಟೆ ಜೋತುಬಿದ್ದರೆ ಹೊಸದು ಹಾಕುತ್ತೇನೆ, ಒಳಗಿನ ಪ್ಲಾಸ್ಟಿಕ್ ಮುರಿದರೆ ಕೂಡಿಸುತ್ತೇನೆ. ಎಂಜಿನ್ನಿಗೆ ಕೈ ಹಚ್ಚುವುದಿಲ್ಲ. ನನ್ನ ಕೆಲಸದಿಂದ ಕಾರು ಚೆಂದ ಕಾಣಬಹುದು, ಇಲ್ಲವೇ ಕೆಟ್ಟದಾಗಿ ಕಾಣಬಹುದು. ಆದರೆ ಅದರಿಂದ ಯಾರ ಜೀವಕ್ಕೂ ಏನೂ ಆಗುವುದಿಲ್ಲ ಎಂದು ನಂಬಿಕೊಂಡಿದ್ದೆ.

ಸಿಸ್ಟರ್ ಯಾದಗಿರಿಯ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ವಾರ್ಡಿನ ನರ್ಸ್. ಮನೆ ಶಹಾಪುರದಲ್ಲಿ. ಬೆಳಿಗ್ಗೆ ಹೋಗುವಾಗ ರಸ್ತೆ ಮೂಡಣಕ್ಕೆ, ಸಂಜೆ ಬರುವಾಗ ಪಡುವಣಕ್ಕೆ. ಎರಡು ಹೊತ್ತೂ ಸೂರ್ಯ ಎದುರಿಗೇ. ಜೊತೆಗೆ ಅದೇ ಆಸ್ಪತ್ರೆಯ ಇಬ್ಬರು ಹೆಣ್ಣುಮಕ್ಕಳು ದಿನಾ ಅವರ ಕಾರಿನಲ್ಲೇ ಹೋಗಿ ಬರುತ್ತಿದ್ದರು.

"ಭೀಮಾ ಹೊಳಿ ಬ್ರಿಜ್ ಮ್ಯಾಲ ಇದ್ದೆ ಅಣ್ಣಾರ," ಎಂದು ಅವರು ಕಾರಿನ ಬಾಗಿಲು ಹಿಡಿದುಕೊಂಡೇ ಹೇಳಿದರು. "ಬಿಸಿಲು ಕಣ್ಣಿಗೆ ಹೊಡ್ಯಾಕತ್ತಿತ್ತು. ಇದನ್ನ ಕೆಳಗ ಎಳದೆ. ಖಟ್ ಅಂತು ನೋಡ್ರಿ, ಪೂರಾ ಜೋತುಬಿದ್ದು ಮುಖಕ್ಕ ಅಡ್ಡ ಬಂತು. ಒಂದ್ ಕೈಲೆ ಎತ್ತಿ ಸರಸೂದ್ರಾಗ ಮುಂದ ಹತ್ತಿ ತುಂಬಿದ ಟ್ರ್ಯಾಕ್ಟರ್. ಬ್ರೇಕ್ ಮ್ಯಾಲ ನಿಂತೇ ಬಿಟ್ಟೆ. ಹಿಂದ ಕುಂತಾಕಿ ಚೀರಿದ್ದು ಇನ್ನೂ ಕಿವ್ಯಾಗ ಅದ."

ದಿನಕ್ಕೆ ಎಷ್ಟೋ ಜನರ ನರ ಹುಡುಕಿ ಸೂಜಿ ಹಾಕುವ ಕೈಗಳು ಅವು. ಬಾಗಿಲನ್ನು ಬಿಡದೆ ಹಿಡಿದುಕೊಂಡಿದ್ದವು.

ವಾರಂಟಿ ಮುಗಿದು ಮೂರು ತಿಂಗಳಾಗಿತ್ತು. ಕಲಬುರಗಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದ್ದರಂತೆ. ವಾರಂಟಿಯಲ್ಲಿ ಬರುವುದಿಲ್ಲ, ಪೂರ್ತಿ ಸೆಟ್ ತರಿಸಬೇಕು, ತಿಂಗಳ ಮೇಲೆ ಆಗುತ್ತದೆ ಎಂದರಂತೆ. "ತಿಂಗಳತನ ಕಣ್ ಮುಚ್ಕೊಂಡು ಗಾಡಿ ಹೊಡೀಲ್ಯಾ?" ಎಂದು ನನ್ನನ್ನು ಕೇಳಿದರು. ನಾನು, "ಇಲ್ಲೇ ಮಾಡೂಣು ಬಿಡ್ರಿ ಸಿಸ್ಟರ್," ಎಂದೆ. ಅಷ್ಟು ಸಲೀಸಾಗಿ ಆ ಮಾತು ಬಾಯಿಂದ ಬಂತು.

ಬಿಚ್ಚಿ ನೋಡಿದಾಗ ಎರಡು ದೋಷ ಸಿಕ್ಕವು. ಸನ್‌ವೈಸರಿನ ಹಲಗೆಯ ಒಳಗೆ ಒಂದು ಉಕ್ಕಿನ ಕಡ್ಡಿ ಹಾಯ್ದಿರುತ್ತದೆ. ಅದನ್ನು ಒಂದು ಸ್ಪ್ರಿಂಗ್ ತಗಡು ಅವುಚಿ ಹಿಡಿದಿರುತ್ತದೆ. ಆ ಹಿಡಿತ ಇದ್ದರೆ ಹಲಗೆ ನಾವು ಇಟ್ಟಲ್ಲಿ ನಿಲ್ಲುತ್ತದೆ. ಇಲ್ಲಿ ಹಿಡಿತ ಪೂರ್ತಿ ಸತ್ತಿತ್ತು. ಅದು ಮೊದಲನೆಯದು. ಎರಡನೆಯದು, ಕಡ್ಡಿಯ ಬುಡ. ಬುಡದಲ್ಲಿರುವ ಗುಂಡಿಯಂಥ ಪ್ಲಾಸ್ಟಿಕ್ ಗುಬಟಿಗೆ ಎರಡು ಕೊಕ್ಕೆ. ಅವು ಚಾವಣಿಯ ತಗಡಿನ ತೂತಿನಲ್ಲಿ ಸಿಕ್ಕಿಕೊಂಡು ಇಡೀ ಭಾರ ಹೊರುತ್ತವೆ. ಒಂದು ಮುರಿದಿತ್ತು, ಇನ್ನೊಂದು ಸೀಳಿತ್ತು.

ಮೊದಲನೆಯದನ್ನು ಚೆನ್ನಾಗಿ ಮಾಡಿದೆ, ಈಗಲೂ ಹಾಗೇ ಹೇಳುತ್ತೇನೆ. ಹಲಗೆಯ ಅಂಚಿನ ಹೊಲಿಗೆಯನ್ನು ಬ್ಲೇಡಿನಿಂದ ಬಿಡಿಸಿ, ಸ್ಪ್ರಿಂಗ್ ತಗಡನ್ನು ಇಕ್ಕಳದಲ್ಲಿ ಸ್ವಲ್ಪ ಸ್ವಲ್ಪವೇ ಒತ್ತಿ, ಪ್ರತಿ ಸಲವೂ ಕಡ್ಡಿ ಹಾಕಿ ತಿರುಗಿಸಿ ನೋಡಿದೆ. ಹೆಚ್ಚು ಒತ್ತಿದರೆ ತಗಡು ಮುರಿಯುತ್ತದೆ, ಕಡಿಮೆ ಒತ್ತಿದರೆ ಹಲಗೆ ಮತ್ತೆ ಬೀಳುತ್ತದೆ. ಒಂದು ತಾಸು ಹಿಡಿಯಿತು. ಆಮೇಲೆ ಹಳೆಯ ಹೊಲಿಗೆಯ ತೂತುಗಳಲ್ಲೇ ಸೂಜಿ ಹಾಯಿಸಿ ಮುಚ್ಚಿದೆ.

ಬುಡಕ್ಕೆ ಸ್ಕ್ರೂ ಹಾಕಬೇಕೆಂದು ತೀರ್ಮಾನಿಸಿದೆ. ನಮ್ಮ ಕಡೆಯ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಯಾವ ಅಂಟೂ ತಾಳುವುದಿಲ್ಲ. ಗುಬಟಿಯ ನಡುವೆ ಡ್ರಿಲ್ಲಿನಿಂದ ತೂತು ಹೊಡೆದು ಮುಕ್ಕಾಲು ಇಂಚಿನದು ಹಾಕಿದೆ. ಹಿಡಿಯಿತು. ಜಗ್ಗಿ ನೋಡಿದರೆ ತಗಡಿನ ತೂತನ್ನು ಅಗಲ ಮಾಡಿಕೊಂಡು ಕೈಗೆ ಬಂತು. ಸಿಸ್ಟರ್ ಗಡಿಯಾರ ನೋಡಿದರು. ಡಬ್ಬಿಯಲ್ಲಿ ಕೈಯಾಡಿಸಿ ಒಂದೂವರೆ ಇಂಚಿನದು ತೆಗೆದೆ. ಹಳೆಯ ತೂತು ಹಾಳಾಗಿದ್ದರಿಂದ ಅದನ್ನು ಓರೆಯಾಗಿ, ಮುಂದಿನ ಗಾಜಿನ ಪಕ್ಕದಲ್ಲಿ ಚಾವಣಿ ಹೊತ್ತ ಕಂಬದ ಕಡೆಗೆ ತಿರುಗಿಸಿ ಬಿಗಿದೆ.

ಆ ಸ್ಕ್ರೂ ಒಳಗಿಳಿದ ರೀತಿ ನನ್ನ ಅಂಗೈಗೆ ನೆನಪಿದೆ. ಮೊದಲು ತಗಡಿನ ಬಿಗಿ. ನಾಲ್ಕು ಸುತ್ತಿನ ನಂತರ ಸಡಿಲ. ಆಮೇಲೆ ಮತ್ತೆ ಬಿಗಿ, ಆದರೆ ಈ ಬಿಗಿ ತಗಡಿನದಲ್ಲ. ಮಡಿಸಿದ ದಪ್ಪ ಬಟ್ಟೆಯಲ್ಲಿ ದಬ್ಬಣ ಇಳಿದ ಹಾಗೆ. ಮೂವತ್ತು ವರ್ಷ ಬಟ್ಟೆ ಚುಚ್ಚಿದ ಕೈ ಒಂದು ಗಳಿಗೆ ತಾನಾಗಿ ನಿಂತಿತು. ಚಾವಣಿಯ ಸ್ಪಂಜು ಇರಬೇಕು ಎಂದುಕೊಂಡು ಪೂರ್ತಿ ಬಿಗಿದೆ. ಕಂಬದ ಹೊದಿಕೆಯ ಮೇಲೆ ಏರ್‌ಬ್ಯಾಗ್ ಎಂದು ಉಬ್ಬಿದ ಅಕ್ಷರದಲ್ಲಿತ್ತು. ಅದನ್ನು ನಾನು ಓದಿಯೂ ಇದ್ದೆ. ಏರ್‌ಬ್ಯಾಗ್ ಎಂದರೆ ಗುದ್ದಿದಾಗ ಉಬ್ಬುವ ಗಾಳಿಚೀಲ, ಸ್ಟೇರಿಂಗಿನಲ್ಲಿ ಇರುವುದು, ಈ ಕಾರಿನಲ್ಲಿ ಅದು ಇದೆ ಎಂದು ಜಂಬಕ್ಕೆ ಬರೆದಿದ್ದಾರೆ ಎಂದು ತಿಳಿದಿದ್ದೆ.

ಸಿಸ್ಟರ್ ಹಲಗೆಯನ್ನು ಕೆಳಗೆ ಎಳೆದರು, ಮೇಲೆ ಮಾಡಿದರು, ಬದಿಗೆ ತಿರುಗಿಸಿದರು. ಇಟ್ಟಲ್ಲೇ ನಿಂತಿತು. "ಜೀವ ಬಂತ್ರಿ ಅಣ್ಣಾರ," ಎಂದು ನಕ್ಕು ಹೋದರು.

ಎಂಟು ದಿನದ ಮೇಲೆ ಸುರಪುರಕ್ಕೆ ಹೋದೆ. ನನಗೆ ಈ ಕೆಲಸ ಕಲಿಸಿದ ಉಸ್ತಾದರು ಅಲ್ಲಿದ್ದಾರೆ. ಹಿಂದೆ ಹೈದರಾಬಾದಿನಲ್ಲಿ ಕಾರು ಕಂಪನಿಯ ವರ್ಕ್‌ಶಾಪಿನಲ್ಲಿದ್ದವರು, ಈಗ ಊರಿಗೆ ಬಂದು ರಸ್ತೆಯ ಅಂಚಿನ ಬಯಲಿನಲ್ಲಿ ಗ್ಯಾರೇಜು ಹಾಕಿಕೊಂಡಿದ್ದಾರೆ. ಅವರಲ್ಲಿ ರಿಪೇರಿಗೆ ನಿಂತ ಜೀಪಿನ ಸೀಟಿನ ಅಳತೆ ತೆಗೆದುಕೊಳ್ಳಬೇಕಿತ್ತು.

ಬಯಲಿನ ಮೂಲೆಯಲ್ಲಿ ಪಲ್ಟಿಯಾಗಿ ಜಜ್ಜಿದ ಒಂದು ಕಾರು ನಿಂತಿತ್ತು. ಸಿಸ್ಟರ್ ಕಾರಿನ ಮಾದರಿಯೇ, ಅವರದು ಬಿಳಿ, ಇದರ ಬಣ್ಣ ಮಾತ್ರ ಬೇರೆ. ಕಿಟಕಿಗಳ ಉದ್ದಕ್ಕೂ ಮುಂದಿನಿಂದ ಹಿಂದಿನವರೆಗೆ ಒಳಗಿನಿಂದ ಬಿಳಿಯ ಬಟ್ಟೆಯೊಂದು ಜೋಲುತ್ತಿತ್ತು. ಒಳ್ಳೆಯ ಬಿಗಿ ನೇಯ್ಗೆ. ಬಟ್ಟೆಯವನಲ್ಲವೇ, ಹೋಗಿ ಬೆರಳಲ್ಲಿ ಉಜ್ಜಿ ನೋಡಿದೆ.

"ಏನ್ ಬಟ್ಟಿ ಉಸ್ತಾದ್ ಇದು?"

"ಏರ್‌ಬ್ಯಾಗ್ ಬೇಟಾ. ಬಾಜೂ ಕಿಟಕಿಗಿ ಬೀಳೂ ಪಡದಾ," ಎಂದರು ಉಸ್ತಾದರು ಕೆಲಸ ನಿಲ್ಲಿಸದೆ. "ಎರಡ್ ಪಲ್ಟಿ ಹೊಡದದ ಗಾಡಿ. ಡ್ರೈವರ್ ಸೀಟಿನ್ಯಾಗ ಹೆಣ್ಮಗಳು ಇದ್ದಳು. ಗಾಜು ಪುಡಿ ಆಗ್ಯಾದ, ಆಕಿ ತಲೀಗಿ ಒಂದ್ ಗೆರಿ ಇಲ್ಲ. ಈ ಪಡದಾ ಬಿತ್ತು, ಉಳದಳು."

"ಮೊದಲ ಎಲ್ಲಿರ್ತದ ಇದು?"

"ಮ್ಯಾಲ, ಬಾಗಿಲ ಮ್ಯಾಲಿನ ಅಂಚಿನ್ಯಾಗ. ಹಗ್ಗದಂಗ ಮಡಚಿ ಇಟ್ಟಿರ್ತಾರ. ಮುಂದಿನ ತುದಿ ಕಂಬದಾಗ ಇಳದಿರ್ತದ."

ನಾನು ಬಟ್ಟೆಯ ಮುಂದಿನ ತುದಿಯನ್ನು ಕಣ್ಣಿನಲ್ಲೇ ಹಿಡಿದುಕೊಂಡು ಮೇಲೆ ಹೋದೆ. ಅದು ಹೊರಬಂದಿದ್ದು ಸನ್‌ವೈಸರಿನ ಬುಡದ ಪಕ್ಕದಿಂದ. ನಾಲ್ಕು ಬೆರಳಿನ ಅಂತರವೂ ಇಲ್ಲ. ಅಲ್ಲಿ ಬೆರಳಿಟ್ಟೆ. ದಬ್ಬಣ ಬಟ್ಟೆಗೆ ಇಳಿದ ಹಾಗೆ ಆದದ್ದು ಏಕೆಂದು ಈಗ ತಿಳಿಯಿತು.

ಉಸ್ತಾದರು ನನ್ನ ಮುಖ ನೋಡಿ ನಟ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟರು. "ಏನ್ ಮಾಡಿ ಬಂದಿ?" ಎಂದರು. ಎಲ್ಲ ಹೇಳಿದೆ. ಸ್ಕ್ರೂ ಎಷ್ಟು ಉದ್ದ, ಯಾವ ಕಡೆ ಓರೆ, ಎಲ್ಲ. ಅವರು ಜಜ್ಜಿದ ಕಾರಿನೊಳಗೆ ಕೂತು, "ಎಲ್ಲಿ, ತೋರ್ಸು," ಎಂದರು. ತೋರಿಸಿದೆ. ಆ ಜಾಗವನ್ನು ಬೆರಳಿನಿಂದ ಅಳೆದು ನೋಡಿದರು.

"ಸ್ಕ್ರೂ ಬಟ್ಟಿಗಿ ಹತ್ತಿರಬಹುದು, ಹತ್ತದೇ ಇರಬಹುದು. ಬಿಚ್ಚಿದ ಹೊರತು ತಿಳ್ಯಾಂಗಿಲ್ಲ."

"ಮೀಟರಿನಾಗ ಲೈಟ್ ಹತ್ತಿಲ್ಲಲ್ರಿ ಉಸ್ತಾದ್. ಏನರೆ ಆಗಿದ್ರ ಏರ್‌ಬ್ಯಾಗಿನ ಲೈಟ್ ಹತ್ತಬೇಕಿಲ್ಲ?"

"ಲೈಟು ವಾಯರ್ ಕಟ್ ಆದ್ರ ಹತ್ತತದ. ಬಟ್ಟಿ ಹರದ್ರ ಗಾಡಿಗಿ ಏನ್ ಗೊತ್ತು?"

"ಹತ್ತಿದ್ರ ಏನಾಗ್ತದ?"

"ಬೀಳೂ ಟೈಮಿಗಿ ಪಡದಾ ಆ ಮೊಳೀಗಿ ಸಿಕ್ಕೊಂಡು ಹರೀತದ. ಇಲ್ಲಾ, ಮೊಳೀನ ಕಿತ್ಕೊಂಡು ಬರ್ತದ. ಅಲ್ಲಿ ತಲಿ ಇರ್ತದಲ್ಲ."

ಕಾರಿನ ಪಕ್ಕಕ್ಕೆ ಬಂದು ಕೂತುಬಿಟ್ಟೆ. ಹೇಳದೆ ಇದ್ದರೆ ಈ ಲೋಕದಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ನನಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಇನ್ನೊಂದೂ ಬಂತು. ಏನೋ ನೆಪ ಹೇಳಿ ಕಾರು ಕರೆಸಿ, ಸ್ಕ್ರೂ ತೆಗೆದು, ಬೇರೆ ಏನಾದರೂ ಮಾಡಿ ಕಳಿಸಿಬಿಟ್ಟರೆ? ಅದನ್ನು ಬಾಯಿ ಬಿಟ್ಟು ಉಸ್ತಾದರಿಗೆ ಹೇಳಿಯೂಬಿಟ್ಟೆ.

"ಸ್ಕ್ರೂ ತಗದ್ರ ತೂತು ಹೋಗ್ತದೇನು?" ಎಂದರು ಅವರು. "ಫೋನ್ ಹಚ್ಚು ಆ ಸಿಸ್ಟರ್ ಬಾಯಿಗಿ."

ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ವಾರ್ಡಿನಲ್ಲಿ ಇರುವಾಗ ಫೋನು ಬೀರುವಿನಲ್ಲಿಡುತ್ತೇವೆ ಎಂದು ಸಿಸ್ಟರ್ ಹೇಳಿದ್ದು ನೆನಪಾಯಿತು. ಮಧ್ಯಾಹ್ನ ಮೂರು ಗಂಟೆ. ನಾಲ್ಕಕ್ಕೆ ಡ್ಯೂಟಿ ಮುಗಿಯುತ್ತದೆ. ನಂತರ ಬಿಸಿಲಿಗೆ ಎದುರಾಗಿ ಹೊರಡುತ್ತಾರೆ, ತಲೆಯ ಪಕ್ಕದಲ್ಲಿ ನಾನು ಹಾಕಿದ ಸ್ಕ್ರೂ ಇಟ್ಟುಕೊಂಡು. ಅಳತೆ ಪಟ್ಟಿಯನ್ನು ಅಲ್ಲೇ ಬಿಟ್ಟು ಬೈಕು ಹತ್ತಿದೆ.

ಎಂಟು ದಿನ ಏನೂ ಆಗದ ಕಾರಿಗೆ ಇವತ್ತೇ ಏಕೆ ಆಗಬೇಕು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅಂಜಿಕೆ ಆ ಮಾತಿಗೆ ಕಿವಿಗೊಡಲಿಲ್ಲ. ಶಹಾಪುರ ದಾಟಿ ಯಾದಗಿರಿ ರಸ್ತೆಗೆ ಬಿದ್ದ ಮೇಲೆ ಎದುರಿಗೆ ಬರುವ ಪ್ರತಿ ಬಿಳಿ ಕಾರನ್ನೂ ದಿಟ್ಟಿಸುತ್ತಿದ್ದೆ. ಎರಡು ಸಲ ರಸ್ತೆಯ ಅಂಚಿಗೆ ಇಳಿದು ಮತ್ತೆ ಫೋನ್ ಹಚ್ಚಿದೆ. ಮೂರನೆಯ ಸಲ ಸ್ವಿಚ್ ಆಫ್ ಎಂದು ಬಂತು. ಫೋನನ್ನು ಜೇಬಿಗೆ ಹಾಕಿ ಬೈಕಿನ ವೇಗ ಹೆಚ್ಚಿಸಿದೆ.

ದೋರನಹಳ್ಳಿ ದಾಟಿ ಸ್ವಲ್ಪ ದೂರದಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಮುಂದೆ ಜನ ಓಡುತ್ತಿದ್ದರು. ಬಸ್ಸಿನಿಂದ ಇಳಿದು ನಿಂತ ಒಬ್ಬರನ್ನು ಕೇಳಿದೆ.

"ಏನಾಗ್ಯಾದ್ರಿ?"

"ಗಾಡಿ ಪಲ್ಟಿ ಆಗ್ಯಾದಂತ್ರಿ."

"ಕಾರೇನ್ರಿ?"

"ಯಾರಿಗಿ ಗೊತ್ತು. ಮಂದಿ ಭಾಳ ಕೂಡ್ಯಾರ."

ಬೈಕನ್ನು ಅಲ್ಲೇ ಹೊಲದ ಬದುವಿಗೆ ಒರಗಿಸಿ ಓಡಿದೆ. ಐವತ್ತರ ವಯಸ್ಸಿನಲ್ಲಿ ಓಡುವುದು ಓಟವಲ್ಲ, ಆದರೂ ಓಡಿದೆ. ಜನರ ನಡುವೆ ನುಗ್ಗಿದಾಗ ಮೊದಲು ಕಂಡದ್ದು ರಸ್ತೆಯ ಮೇಲೆ ಹರಡಿದ ಬಿಳಿ. ಆ ಪರದೆಯೇ ಎಂದುಕೊಂಡೆ. ಆಮೇಲೆ ಅದು ಹತ್ತಿ ಎಂದು ತಿಳಿಯಿತು. ಟ್ರ್ಯಾಕ್ಟರಿನ ಟ್ರ್ಯಾಲಿ ಅಚ್ಚು ಮುರಿದು ಮಗುಚಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಗಂಡಸರು ಹೆಂಗಸರು ಸೇರಿ ಹತ್ತಿಯನ್ನು ಅಪ್ಪಿ ಅಪ್ಪಿ ಬದಿಗೆ ಹಾಕುತ್ತಿದ್ದರು. ಅದರ ಆಚೆ, ಯಾದಗಿರಿಯಿಂದ ಬಂದ ಸಾಲಿನಲ್ಲಿ, ಮೂರನೆಯದು ಸಿಸ್ಟರ್ ಕಾರು.

ಅವರು ಬಾಗಿಲು ತೆರೆದುಕೊಂಡು ಸೀಟಿನಲ್ಲೇ ಕೂತಿದ್ದರು, ಸನ್‌ವೈಸರ್ ಕೆಳಗೆ ಮಾಡಿಕೊಂಡು. ನನ್ನನ್ನು ಕಂಡು, "ಏನ್ ಅಣ್ಣಾರ, ನೀವೂ ಸಿಕ್ಕೊಂಡೀರಿ? ನಿಮ್ಮ ಕೆಲಸ ಗಟ್ಟಿ ಅದರಿ, ನೋಡ್ರಿ," ಎಂದು ಹಲಗೆಯನ್ನು ತಟ್ಟಿದರು.

"ಅದನ್ನ ಮುಟ್ಟಬ್ಯಾಡ್ರಿ ಸಿಸ್ಟರ್. ಮೊದಲ ಕೆಳಗ ಇಳೀರಿ." ಬಾಗಿಲನ್ನು ಹಿಡಿದು ಪೂರ್ತಿ ತೆರೆದೆ.

ರಸ್ತೆಯ ಅಂಚಿನಲ್ಲಿ ನಿಂತು ಹೇಳಿದೆ. ಮೊದಲು ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ, ಉಸ್ತಾದರು ಹೇಳಿದ್ದನ್ನು ಒಂದೂ ಬಿಡದೆ. ಅವರು ತಿರುಗಿ ಕಾರಿನ ಆ ಮೂಲೆಯ ಕಡೆ ನೋಡಿದರು. ಹಿಂದೆ ನಿಂತ ಇಬ್ಬರು ಹೆಣ್ಣುಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

"ಎಂಟು ದಿನದಿಂದ ಇದರ ಕೆಳಗ ಕುಂತೀನಿ ನಾ," ಎಂದರು ಸಿಸ್ಟರ್. "ಮೊನ್ನೆ ಆಯ್ತಾರ ನಮ್ಮವ್ವನ್ನ ಕರ್ಕೊಂಡು ಹತ್ತಿಕುಣಿ ಡ್ಯಾಮಿಗಿ ಹೋಗಿ ಬಂದೀನಿ. ನಿಮಗ ಗೊತ್ತಿರದಿದ್ರ ಗೊತ್ತಿಲ್ಲ ಅನ್ನಬೇಕಿತ್ತಿಲ್ಲರಿ? ಪ್ಲಾಸ್ಟರ್ ಹಚ್ಕೊಂಡೇ ಇರ್ತಿದ್ದೆ."

"ಹೌದ್ರಿ. ತಪ್ಪಾಗ್ಯಾದ."

"ಈಗ ಹೇಳಾಕ ಯಾಕ ಬಂದ್ರಿ?"

"ಅಂಜಿಕಿ ಬಂತ್ರಿ," ಎಂದೆ. ಇದ್ದದ್ದು ಅಷ್ಟೇ.

ಅವರು ಗೆಳತಿಯರಿಬ್ಬರನ್ನೂ ಬಸ್ಸಿಗೆ ಕಳಿಸಿದರು. ಕಾರನ್ನು ರಸ್ತೆಯಲ್ಲಿ ಬಿಟ್ಟುಹೋಗುವಂತಿರಲಿಲ್ಲ. ನಾನು ಓಡಿಸುತ್ತೇನೆ, ನೀವೂ ಬಸ್ಸಿಗೆ ಹೋಗಿ ಎಂದೆ. ಅವರು ಒಪ್ಪಲಿಲ್ಲ. ಎಡಗಡೆ ಹಿಂದಿನ ಸೀಟಿನಲ್ಲಿ ಕೂತರು.

ಹತ್ತಿ ಸರಿಸಿ ರಸ್ತೆ ತೆರವಾದ ಮೇಲೆ, ಬೈಕನ್ನು ಬದುವಿನಲ್ಲೇ ಬಿಟ್ಟು, ಮೂವತ್ತರ ವೇಗದಲ್ಲಿ ಶಹಾಪುರದ ಕಡೆಗೆ ಹೊರಟೆ. ಬಿಸಿಲು ನೇರ ಕಣ್ಣಿಗೆ. ಗಾಜಿನ ಮೇಲಿನ ಧೂಳೆಲ್ಲ ಬೆಂಕಿಯ ಹಾಗೆ ಹೊಳೆದು ಮುಂದಿನ ರಸ್ತೆಯೇ ಕಾಣದಾಯಿತು. ಆಗ ನನಗೆ ತಿಳಿದದ್ದು, ಈ ಹೆಣ್ಣುಮಗಳು ದಿನಾ ಎರಡು ಹೊತ್ತು ಎಂಥದನ್ನು ಎದುರಿಸಿ ಹೋಗುತ್ತಾಳೆ ಎಂದು. ಸನ್‌ವೈಸರ್ ಕೆಳಗೆ ಮಾಡಿದರೆ ರಸ್ತೆ ಕಂಡಿತು. ಆದರೆ ಬಲಗಡೆಯ ಆ ಮೂಲೆಯ ಕಡೆ ತಲೆ ವಾಲಿಸಲು ಧೈರ್ಯವಾಗದೆ, ಕತ್ತು ಎಡಕ್ಕೆ ಎಳೆದುಕೊಂಡು ಕೂತಿದ್ದೆ. ಹಿಂದಿನಿಂದ ಓವರ್‌ಟೇಕ್ ಮಾಡಿದ ಪ್ರತಿ ಲಾರಿಗೂ ಬೆನ್ನು ಸೆಟೆಯುತ್ತಿತ್ತು. ಕಾರನ್ನು ಅಂಗಡಿಯ ಮುಂದೆ ನಿಲ್ಲಿಸಿ ಉಸ್ತಾದರಿಗೆ ಫೋನ್ ಮಾಡಿದೆ.

ಮರುದಿನ ಬೆಳಿಗ್ಗೆ ಉಸ್ತಾದರು ಮೊದಲ ಬಸ್ಸಿಗೆ ಸುರಪುರದಿಂದ ಬಂದರು. ಅಂಗಡಿಯ ಮುಂದಿನ ಬೇವಿನ ನೆರಳಿಗೆ ಕಾರನ್ನು ತಳ್ಳಿ ನಿಲ್ಲಿಸಿದೆವು. ಸಿಸ್ಟರ್ ರಜೆ ಹಾಕಿ ಬಂದಿದ್ದರು.

"ನೀವು ಸ್ವಲ್ಪ ದೂರ ನಿಂದರ್ರಿ," ಎಂದೆ.

"ನಿಂದ್ರಾಂಗಿಲ್ಲ. ನೋಡಬೇಕು ನಾ," ಎಂದರು.

ಉಸ್ತಾದರು ಕೀ ತೆಗೆಸಿದರು, ಬಾನೆಟ್ ಎತ್ತಿಸಿ ಬ್ಯಾಟರಿಯ ನೆಗೆಟಿವ್ ವಾಯರ್ ಬಿಚ್ಚಿಸಿದರು. "ಈಗ ಯಾರೂ ಕೈ ಹಚ್ಚಬ್ಯಾಡ್ರಿ. ಏರ್‌ಬ್ಯಾಗಿನ ಡಬ್ಬಿಯೊಳಗ ಕರೆಂಟು ಕುಂತಿರ್ತದ. ಅದು ಇಳೀಬೇಕು." ಸ್ವಲ್ಪ ಹೊತ್ತು ಸಾಕು, ಆದರೂ ಅರ್ಧ ತಾಸು ಕಾಯುವುದು ಅವರ ಪದ್ಧತಿ. ಆ ಅರ್ಧ ತಾಸು ನಾವು ಮೂವರೂ ಕಾರನ್ನು ನೋಡುತ್ತಾ ನಿಂತೆವು. ಚಹಾ ತರಿಸಿದ್ದೆ. ಯಾರೂ ಕುಡಿಯಲಿಲ್ಲ.

ಕೆಲಸ ನಾನೇ ಮಾಡಬೇಕೆಂದು ಉಸ್ತಾದರು ಹೇಳಿದರು. ಮೊದಲು ಬಾಗಿಲಿನ ಚೌಕಟ್ಟಿನ ರಬ್ಬರ್ ಕಿತ್ತೆ. ಆಮೇಲೆ ಕಂಬದ ಪ್ಲಾಸ್ಟಿಕ್ ಹೊದಿಕೆ. ಒಳಗಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಪಟ್ಟಿಯಿಂದ ಮೀಟುತ್ತಾ ಬಂದೆ. ಪ್ರತಿ ಕ್ಲಿಪ್ಪೂ ಟಪ್ ಎಂದು ಬಿಡುವಾಗ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಸ್ಕ್ರೂ ಮಾತ್ರ ಮುಟ್ಟಕೂಡದು, ಮೊದಲು ನೋಡಬೇಕು ಎಂದು ಉಸ್ತಾದರು ತಾಕೀತು ಮಾಡಿದ್ದರು. ಕೊನೆಗೆ ಚಾವಣಿಯ ಬಟ್ಟೆಯ ಮೂಲೆಯನ್ನು ಎರಡು ಬೆರಳಿನಷ್ಟು ಕೆಳಗೆ ಜಗ್ಗಿ ಟಾರ್ಚ್ ಹಿಡಿದೆ.

ಹಗ್ಗದ ಹಾಗೆ ಮಡಚಿಟ್ಟ ಬಿಳಿ ಬಟ್ಟೆ ಅಲ್ಲಿತ್ತು. ಸ್ಕ್ರೂವಿನ ಮೊನೆ ಅದರ ಅಂಚಿನ ಎರಡು ಮಡಿಕೆಗಳನ್ನು ಪೋಣಿಸಿಕೊಂಡು ಆಚೆ ಹೊರಬಿದ್ದಿತ್ತು.

ಉಸ್ತಾದರು ಬಗ್ಗಿ ನೋಡಿ ಹಿಂದೆ ಸರಿದರು. ಸಿಸ್ಟರ್ ನನ್ನನ್ನು ಬದಿಗೆ ಸರಿಸಿ ತಾವೇ ಇಣುಕಿದರು. ಹೊರಗೆ ಬಂದು ಬೇವಿನ ಬುಡಕ್ಕೆ ಒರಗಿ ನಿಂತರು.

ಆಗ ನನ್ನ ಮನಸ್ಸಿನಲ್ಲಿ ಹುಟ್ಟಿದ್ದನ್ನೂ ಹೇಳಬೇಕು. ತೂತು ಸಣ್ಣದು. ಅದೇ ಬಣ್ಣದ ನೈಲಾನ್ ದಾರ ನನ್ನಲ್ಲಿತ್ತು. ಯಾವ ಕಂಪನಿಯವನೂ ಹುಡುಕಲಾಗದಂತೆ ಅದನ್ನು ರಫೂ ಹೊಲಿಗೆಯಿಂದ ಮುಚ್ಚಬಲ್ಲೆ. ಈ ಜಿಲ್ಲೆಯಲ್ಲಿ ನನ್ನಷ್ಟು ಚೆನ್ನಾಗಿ ಯಾರೂ ಮಾಡಲಾರರು. "ಹೊಲಿದ್ರ..." ಎಂದು ಬಾಯಿ ತೆರೆದೆ.

"ಅದು ಸೀಟ್ ಕವರ್ ಅಲ್ಲ," ಎಂದರು ಉಸ್ತಾದರು.

ಸಿಸ್ಟರ್ ಕೂಡ ಬಾಯಿ ಬಿಟ್ಟರು. ದನಿಯಲ್ಲಿ ಸಿಟ್ಟು ಕಡಿಮೆಯಾಗಿತ್ತು, ದಣಿವಿತ್ತು. "ಸೇರಿದ ಹೊಸದಾಗ ಒಂದ್ ಸಲ ಒಬ್ಬ ಪೇಶಂಟಿಗಿ ಹಾಕೂ ಔಷಧ ಇನ್ನೊಬ್ರಿಗಿ ಹಾಕಿದ್ದೆ. ಯಾರೂ ನೋಡಿರಲಿಲ್ಲ. ಆ ಅಜ್ಜನ ಹಾಸಿಗಿ ಮುಂದ ಹತ್ತು ನಿಮಿಷ ನಿಂತೆ, ಹೇಳ್ಲೋ ಬ್ಯಾಡೋ ಅಂತ. ಆಮ್ಯಾಲ ಓಡಿ ಹೋಗಿ ಡಾಕ್ಟರಿಗಿ ಹೇಳಿದೆ. ಅಜ್ಜ ಉಳದ. ಆ ಹತ್ತು ನಿಮಿಷ ಇನ್ನೂ ನನ್ನ ಬಿಟ್ಟಿಲ್ಲ." ಸ್ವಲ್ಪ ತಡೆದು, "ಕಂಪನಿಗಿ ಏನ್ ಹೇಳ್ತೀರಿ?" ಎಂದು ಕೇಳಿದರು.

"ನಡೆದದ್ದೇ ಹೇಳ್ತೀನ್ರಿ."

ಮರುದಿನ, ಸ್ಕ್ರೂ ಇದ್ದಲ್ಲೇ ಬಿಟ್ಟು, ಬ್ಯಾಟರಿಯ ವಾಯರ್ ಬಿಚ್ಚಿದ ಸ್ಥಿತಿಯಲ್ಲೇ, ಕಾರು ಹೊರುವ ಲಾರಿಯಲ್ಲಿ ಅದನ್ನು ಕಲಬುರಗಿಗೆ ಒಯ್ದೆವು. ಹಿಂದಿನ ಸಂಜೆ ಕೂತು ಒಂದು ಕಾಗದ ಬರೆದಿದ್ದೆ. ಯಾವ ಭಾಗ ಮುರಿದಿತ್ತು, ಯಾವ ಅಳತೆಯ ಸ್ಕ್ರೂ, ಯಾವ ದಿಕ್ಕಿಗೆ ಬಿಗಿದೆ, ಏಕೆ ಬಿಗಿದೆ, ಕಾರಿನವರಿಗೆ ಇದೇನೂ ಗೊತ್ತಿರಲಿಲ್ಲ ಎಂಬುದನ್ನೆಲ್ಲ ಬರೆದು ಕೆಳಗೆ ಸಹಿ ಮಾಡಿದ್ದೆ. ಪೊಲೀಸರವರೆಗೂ ಹೋಗಬಹುದು, ಅಂಗಡಿ ಮುಚ್ಚಿಸಬಹುದು ಎಂದು ಹೆಂಡತಿಗೂ ಹೇಳಿದ್ದೆ. ಅವಳು, "ಮತ್ತ ಬರದೀಯಲ್ಲ, ಕೊಡು," ಎಂದಿದ್ದಳು.

ಸರ್ವಿಸ್ ಸೆಂಟರಿನ ಎಂಜಿನಿಯರು ನನಗಿಂತ ಬಹಳ ಚಿಕ್ಕವರು. ಕಾಗದವನ್ನು ಎರಡು ಸಲ ಓದಿದರು. ಕಾರಿನೊಳಗೆ ಹೋಗಿ ಫೋಟೊ ತೆಗೆದುಕೊಂಡರು. ಹೊರಗೆ ಬಂದು, "ಇಂಥವು ನಮ್ಮಲ್ಲಿಗೆ ಆಕ್ಸಿಡೆಂಟ್ ಆದಮೇಲೆ ಬರ್ತಾವ್ರಿ," ಎಂದರು. ಬೈಯುತ್ತಾರೆ ಎಂದು ಕಾದಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು.

ಪೂರ್ತಿ ಪರದೆಯನ್ನೇ ಬದಲಿಸಬೇಕು, ವಾರಂಟಿ ಇದ್ದಿದ್ದರೂ ಇದು ಅದರಲ್ಲಿ ಬರುತ್ತಿರಲಿಲ್ಲ ಎಂದರು. ಆ ಖರ್ಚು ನನ್ನದೆಂದು ಹೇಳಿದೆ. ಸಿಸ್ಟರ್ ಬೇಡ ಎನ್ನಲಿಲ್ಲ. ಬೇಡ ಎನ್ನದಿದ್ದದ್ದೇ ನನಗೆ ಸಮಾಧಾನವಾಯಿತು.

ಆಮೇಲೆ ಎಂಜಿನಿಯರು ಸ್ಟೋರಿನಿಂದ ಒಂದು ಪುಟ್ಟ ಚೀಲ ತಂದು ನನ್ನ ಅಂಗೈ ಮೇಲೆ ಸುರಿದರು. ಬೆರಳಿನ ತುದಿಯಷ್ಟು ಪ್ಲಾಸ್ಟಿಕ್ ಗುಬಟಿ, ಎರಡು ಕೊಕ್ಕೆ. "ಇದೊಂದೇ ಬೇರೆ ಸಿಗ್ತದ್ರಿ. ಫೋನಿನ್ಯಾಗ ಪೂರ್ತಿ ಸೆಟ್ ಅಂದಾರ, ಬಂದು ಕೇಳಿದ್ರ ಕೊಡ್ತಿದ್ವಿ. ಕೈಲೆ ಒತ್ತಿದ್ರ ಕೂಡ್ತದ, ಸ್ಕ್ರೂ ಬೇಕಾಗಿಲ್ಲ."

ಸಿಸ್ಟರ್ ಅದನ್ನು ನನ್ನ ಅಂಗೈಯಿಂದ ಎತ್ತಿ ನೋಡಿದರು. ಮತ್ತೆ ಅಲ್ಲೇ ಇಟ್ಟರು.

ಭಾಗ ಬಂದು ಕಾರು ಸಿದ್ಧವಾಗುವವರೆಗೆ ಅವರು ಬಸ್ಸಿನಲ್ಲಿ ಓಡಾಡಿದರು. ಬೆಳಿಗ್ಗೆ ಅಂಗಡಿ ತೆರೆಯುವಾಗ ಬಸ್ ಸ್ಟ್ಯಾಂಡಿನ ಕಡೆ ಅವರು ನಡೆದುಹೋಗುವುದು ಕಾಣುತ್ತಿತ್ತು. ಎದ್ದು ನಿಲ್ಲುತ್ತಿದ್ದೆ. ಅವರು ಒಮ್ಮೊಮ್ಮೆ ತಲೆ ಆಡಿಸುತ್ತಿದ್ದರು, ಒಮ್ಮೊಮ್ಮೆ ಇಲ್ಲ.

ಕಾರು ಬಂದ ಮರುದಿನ ಅಂಗಡಿಯ ಮುಂದೆ ನಿಲ್ಲಿಸಿ ಕಿಟಕಿ ಇಳಿಸಿದರು. "ಬಂತ್ರಿ ಅಣ್ಣಾರ. ಎಲ್ಲಾ ಚೆಕ್ ಮಾಡಿ ಕೊಟ್ಟಾರ."

"ಛಲೋ ಆತ್ರಿ."

"ಸೀಟ್ ಹೊಲ್ಯಾದಿದ್ರ ಇಲ್ಲೇ ಬರ್ತೀನಿ. ಸೀಟಿಗಿಂತ ಮ್ಯಾಲ ಏನೂ ಮುಟ್ಟಬ್ಯಾಡ್ರಿ."

"ಇಲ್ರಿ," ಎಂದೆ. ಅವರು ನಗಲಿಲ್ಲ, ಆದರೆ ಸಿಟ್ಟಿನಿಂದಲೂ ಹೇಳಿರಲಿಲ್ಲ. ಸನ್‌ವೈಸರ್ ಕೆಳಗೆ ಮಾಡಿಕೊಂಡು ಯಾದಗಿರಿ ರಸ್ತೆಗೆ ತಿರುಗಿದರು.

ಅಂಜಿಕೆ ಹೋಯಿತೇ ಎಂದರೆ ಹೋಗಿಲ್ಲ. ಮೂವತ್ತು ವರ್ಷದಲ್ಲಿ ಎಷ್ಟು ಕಾರುಗಳ ಒಳಗೆ ಎಲ್ಲೆಲ್ಲಿ ಏನೇನು ಚುಚ್ಚಿದ್ದೇನೆ ಎಂದು ನೆನೆಸಿಕೊಳ್ಳುತ್ತೇನೆ. ಹಳೆಯ ಗಾಡಿಗಳಲ್ಲಿ ಇಂಥ ಪರದೆ ಇರಲಿಲ್ಲ. ಈಚೆಗಿನ ಮೂರು ನಾಲ್ಕು ಕಾರುಗಳ ಮಾಲೀಕರಿಗೆ ಫೋನ್ ಮಾಡಿ ಕರೆಸಿ, ಉಸ್ತಾದರ ಮುಂದೆ ಬಿಚ್ಚಿ ನೋಡಿದೆ. ಯಾವುದರಲ್ಲೂ ಏನೂ ಆಗಿರಲಿಲ್ಲ. ಒಬ್ಬರಂತೂ ನನಗೆ ತಲೆ ಕೆಟ್ಟಿದೆ ಎಂದರು.

ಕಳೆದ ತಿಂಗಳು ಒಬ್ಬರು ಕಾರು ನಿಲ್ಲಿಸಿದರು. ಹೆಂಡತಿ ಮಕ್ಕಳು ಒಳಗೆ, ಮದುವೆಗೆ ಹೊರಟವರು. ಸನ್‌ವೈಸರ್ ಬುಡದಿಂದ ಸಡಿಲವಾಗಿತ್ತು. "ಒಂದ್ ಸ್ಕ್ರೂ ಹೊಡೀರಿ, ಐದ್ ನಿಮಿಷದ ಕೆಲಸ," ಎಂದರು. ಬೇಡ, ಆ ಹಲಗೆಯನ್ನು ಬಿಚ್ಚಿ ಸೀಟಿನ ಮೇಲಿಟ್ಟು ಕಪ್ಪು ಕನ್ನಡಕ ಹಾಕಿಕೊಂಡು ಹೋಗಿ, ಭಾಗ ತರಿಸಿ ಹಾಕಿಸಿ ಎಂದು ಕಾರಣ ಹೇಳತೊಡಗಿದೆ. ಅವರಿಗೆ ಕೇಳುವಷ್ಟು ವ್ಯವಧಾನವಿರಲಿಲ್ಲ. "ಕೆಲಸ ಬರಾಂಗಿಲ್ಲ ಅಂದ್ರ ಬರಾಂಗಿಲ್ಲ ಅನ್ರಿ," ಎಂದು ಸಿಡುಕಿ ಕಾರು ತಿರುಗಿಸಿದರು.

ರಸ್ತೆಯ ಆಚೆ ಇನ್ನೊಂದು ಗ್ಯಾರೇಜಿದೆ. ಅದರ ಮಾಲೀಕನಿಗೂ ನನಗೂ ಗಿರಾಕಿಗಳ ವಿಷಯಕ್ಕೆ ಜಗಳವಾಗಿ ನಾಲ್ಕು ವರ್ಷದಿಂದ ಮಾತಿಲ್ಲ. ಕಾರು ಅಲ್ಲಿ ಹೋಗಿ ನಿಂತಿತು. ಅವನು ಒಳಗೆ ಇಣುಕಿ ನೋಡಿದ, ತಲೆ ಆಡಿಸಿದ, ಡ್ರಿಲ್ಲಿನ ವಾಯರನ್ನು ಎಳೆಯುತ್ತಾ ಬಂದ.

ಹೊಲಿಯುತ್ತಿದ್ದ ಸೀಟನ್ನು ಮಶೀನಿನ ಮೇಲೆ ಹಾಗೇ ಬಿಟ್ಟು, ಬಸ್ಸೊಂದಕ್ಕೆ ಕೈ ತೋರಿಸಿ ನಿಲ್ಲಿಸಿ, ರಸ್ತೆ ದಾಟಿದೆ.

"ಡ್ರಿಲ್ ಬಂದ್ ಮಾಡಪಾ," ಎಂದೆ. "ನಾ ಮಾಡಿದ್ದ ತಪ್ಪೊಂದು ಹೇಳ್ತೀನಿ, ಕೇಳು."